ಹದಿನೈದು ಗಂಟೆಯ ಸಹಿ ಒಂದೇ ಕೂತಿನಲ್ಲಿ: ಹೆವಿ ಲೈಸೆನ್ಸಿಗೆ ಸೇರುವವರ ಗಮನಕ್ಕೆ

ಲಾರಿ ಓಡಿಸುವ ಕೆಲಸಕ್ಕೆ ಬರಬೇಕೆಂದು ಬೆಂಗಳೂರಿನಲ್ಲಿ ಡ್ರೈವಿಂಗ್ ಸ್ಕೂಲು ಹುಡುಕುತ್ತಿರುವವರು ಹಣ ಕಟ್ಟುವ ಮೊದಲು ಇದನ್ನು ಓದಬೇಕೆಂದು ಬರೆಯುತ್ತಿದ್ದೇನೆ. ನಾನು ಸೇರಿದ್ದ ಶಾಲೆಯ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಅಂಥ ಶಾಲೆ ಅದೊಂದೇ ಆಗಿದ್ದರೆ ಹೆಸರು ಹೇಳಿ ಸುಮ್ಮನಾಗಬಹುದಿತ್ತು. ಅಲ್ಲದೆ ಆದ ಮೋಸದಲ್ಲಿ ನನ್ನ ಕೈಯೂ ಇತ್ತು. ಅದು ಎಲ್ಲಿ, ಹೇಗೆ ಎಂಬುದನ್ನು ಮುಚ್ಚಿಟ್ಟರೆ ಈ ಬರಹದಿಂದ ಯಾರಿಗೂ ಪ್ರಯೋಜನವಿಲ್ಲ.

ನಾನು ನಾಲ್ಕು ವರ್ಷ ಯಶವಂತಪುರದ ಎಪಿಎಂಸಿ ಯಾರ್ಡಿನಿಂದ ಅಂಗಡಿಗಳಿಗೆ ಈರುಳ್ಳಿ, ಆಲೂಗಡ್ಡೆ ಸಾಗಿಸುವ ಟಾಟಾ ಏಸ್ ಓಡಿಸಿಕೊಂಡಿದ್ದೆ. ಯಾರ್ಡಿಗೆ ಬರುವ ಹತ್ತು ಚಕ್ರ, ಹನ್ನೆರಡು ಚಕ್ರದ ಲಾರಿಗಳ ಚಾಲಕರ ಸಂಬಳ ಕೇಳಿ ಆಸೆಯಾಯಿತು. ಹೆವಿ ಲೈಸೆನ್ಸ್ ಬೇಕಾದರೆ ವಯಸ್ಸು ಇಪ್ಪತ್ತು ತುಂಬಿರಬೇಕು, ಲಘು ವಾಹನದ ಲೈಸೆನ್ಸ್ ಸಿಕ್ಕಿ ಒಂದು ವರ್ಷ ಕಳೆದಿರಬೇಕು. ನನಗೆ ಎರಡೂ ಆಗಿತ್ತು. ನನ್ನ ಜೊತೆಯ ತಂಡದಲ್ಲಿದ್ದ ಒಬ್ಬ ಹುಡುಗನಿಗೆ ಕಾರಿನ ಲೈಸೆನ್ಸ್ ಬಂದು ಎಂಟೇ ತಿಂಗಳಾಗಿತ್ತು. ಅವನಿಂದ ಮುಂಗಡ ಪೂರ್ತಿ ತೆಗೆದುಕೊಂಡು, ಎಲ್‌ಎಲ್‌ಗೆ, ಅಂದರೆ ಕಲಿಕೆಯ ಲೈಸೆನ್ಸಿಗೆ, ಅರ್ಜಿ ಹಾಕುವ ದಿನ, ಇನ್ನೂ ನಾಲ್ಕು ತಿಂಗಳು ಕಾಯಬೇಕೆಂದು ಹೇಳಿ ಕಳಿಸಿದರು. ಹಣವನ್ನು ಹಿಂತಿರುಗಿಸಲಿಲ್ಲ. ಆ ದಿನವೇ ನಾನು ಎಚ್ಚೆತ್ತುಕೊಳ್ಳಬೇಕಿತ್ತು.

ಶಾಲೆಯ ಮಾಲೀಕರು ಬಹಳ ಮರ್ಯಾದೆಯಿಂದ ಮಾತನಾಡುವವರು. ಮೊದಲ ದಿನ ಟೀ ತರಿಸಿಕೊಟ್ಟು, "ನೀವೇನೂ ತಲೆ ಕೆಡಿಸ್ಕೋಬೇಡಿ ಸಾರ್, ಲೈಸೆನ್ಸ್ ನಿಮ್ಮ ಕೈಗೆ ಕೊಡೋ ಜವಾಬ್ದಾರಿ ನಮ್ದು" ಎಂದರು. ಒಟ್ಟು 16,000 ರೂಪಾಯಿ, ಮುಂಗಡ 10,000, ಉಳಿದದ್ದು ಟೆಸ್ಟಿಗೆ ಮೊದಲು. ಈಗ ಆ ಮಾತನ್ನು ನೆನೆದರೆ, ಅವರು ಒಂದು ಸುಳ್ಳನ್ನೂ ಹೇಳಿರಲಿಲ್ಲ ಎನ್ನಿಸುತ್ತದೆ. ಲೈಸೆನ್ಸ್ ಕೊಡಿಸುತ್ತೇನೆಂದರು, ಕೊಡಿಸಿದರು. ಲಾರಿ ಓಡಿಸಲು ಕಲಿಸುತ್ತೇನೆಂದು ಅವರು ಹೇಳಲೇ ಇಲ್ಲ, ನಾನೂ ಕೇಳಲಿಲ್ಲ.

ಇಲ್ಲಿ ಒಂದು ಒಳಗುಟ್ಟನ್ನು ಹೊಸಬರು ತಿಳಿದಿರಬೇಕು. ಕಾರಿನ ಲೈಸೆನ್ಸಿಗಾದರೆ ಮನೆಯವರ ಗಾಡಿಯಲ್ಲಿ ಕಲಿತು ನೇರವಾಗಿ ಟೆಸ್ಟಿಗೆ ಹೋಗಬಹುದು. ಹೆವಿ ಲೈಸೆನ್ಸಿಗೆ ಹಾಗಾಗುವುದಿಲ್ಲ. ಪರವಾನಗಿ ಇರುವ ತರಬೇತಿ ಶಾಲೆ ಕೊಡುವ ಫಾರಂ 5 ಎಂಬ ಪ್ರಮಾಣಪತ್ರವನ್ನು ಅರ್ಜಿಯೊಂದಿಗೆ ಕೊಡಬೇಕು. ಕಲಿಯದೆ ಯಾರೂ ಲಾರಿ ಹತ್ತಬಾರದೆಂಬ ಒಳ್ಳೆಯ ಉದ್ದೇಶದಿಂದ ಮಾಡಿದ ನಿಯಮವಿದು. ಆದರೆ ನಾನು ಕಂಡಂತೆ ಕೆಲವರ ಕೈಯಲ್ಲಿ ಅದೇ ನಿಯಮ ವ್ಯಾಪಾರವಾಗಿದೆ: ಕಲಿಸುವುದಕ್ಕೆ ಡೀಸೆಲ್ ಬೇಕು, ಲಾರಿ ಬೇಕು, ದಿನಕ್ಕೊಂದು ಗಂಟೆ ಬೇಕು, ಕಾಗದ ಕೊಡುವುದಕ್ಕೆ ಒಂದು ಮೊಹರು ಸಾಕು. ಎರಡಕ್ಕೂ ಸಿಗುವ ಹಣ ಒಂದೇ ಆದಾಗ ಮಾಲೀಕರು ಯಾವುದನ್ನು ಆರಿಸಿಕೊಳ್ಳುತ್ತಾರೆಂದು ಬೇರೆ ಹೇಳಬೇಕಾಗಿಲ್ಲ.

ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ ಪ್ರಕಾರ ಹೆವಿ ತರಬೇತಿಯ ಅವಧಿ ಕನಿಷ್ಠ 30 ದಿನ, ಅದರಲ್ಲಿ ಸ್ಟಿಯರಿಂಗ್ ಹಿಡಿದು ಓಡಿಸಬೇಕಾದದ್ದು ಕನಿಷ್ಠ 15 ಗಂಟೆ. ನಾನು ಓಡಿಸಿದ ಲೆಕ್ಕ ಹೀಗಿದೆ. ಮೂವತ್ತು ದಿನಗಳಲ್ಲಿ ನಮ್ಮನ್ನು ಕರೆದದ್ದು ಹನ್ನೊಂದು ದಿನ. ಬೆಳಿಗ್ಗೆ ಐದೂವರೆಗೆ ಪೀಣ್ಯದ ಕೈಗಾರಿಕಾ ಪ್ರದೇಶದಲ್ಲಿ ಲಾರಿ ನಿಂತಿರುತ್ತಿತ್ತು. ನಾವು ಎಂಟು ಜನ ಹಿಂದಿನ ಬಾಡಿಯಲ್ಲಿ ನಿಂತುಕೊಂಡು ಸರದಿ ಕಾಯುತ್ತಿದ್ದೆವು. ಒಬ್ಬೊಬ್ಬರಿಗೆ ಸಿಗುತ್ತಿದ್ದದ್ದು ಸುಮಾರು ಹತ್ತು ನಿಮಿಷ. ಕಾರ್ಖಾನೆಗಳ ಪಾಳಿ ಬದಲಾಗಿ ಬಸ್ಸುಗಳು ಓಡಾಡಲು ಶುರುವಾಗುವ ಹೊತ್ತಿಗೆ ತರಗತಿ ಮುಗಿಯುತ್ತಿತ್ತು. ಎಲ್ಲವನ್ನೂ ಕೂಡಿದರೆ ಎರಡು ಗಂಟೆಯೂ ತುಂಬುವುದಿಲ್ಲ, ಅದೂ ಖಾಲಿ ಲಾರಿ, ಖಾಲಿ ರಸ್ತೆ.

ಆ ಹತ್ತು ನಿಮಿಷವಾದರೂ ನನ್ನದಾಗಿತ್ತೇ ಎಂದು ಕೇಳಿದರೆ, ಇಲ್ಲ. ತರಬೇತಿಯ ಗಾಡಿಯಲ್ಲಿ ಕಲಿಸುವವರ ಕಾಲ ಬಳಿಯೂ ಕ್ಲಚ್ ಮತ್ತು ಬ್ರೇಕ್ ಇರುತ್ತವೆ, ಇರಲೇಬೇಕು. ಅಪಾಯದ ಹೊತ್ತಿನಲ್ಲಿ ಗಾಡಿ ನಿಲ್ಲಿಸಲು ಇರುವ ವ್ಯವಸ್ಥೆ ಅದು. ನಮ್ಮ ಮಾಸ್ತರರ ಕಾಲು ಮಾತ್ರ ಆ ಕ್ಲಚ್ಚಿನ ಮೇಲಿಂದ ಏಳುತ್ತಲೇ ಇರಲಿಲ್ಲ. ನಾನು ಗಿಯರ್ ಹಾಕುವಾಗ ಅವರು ತುಳಿಯುತ್ತಿದ್ದರು, ಏರಿನಲ್ಲಿ ಗಾಡಿ ಎಳೆಯುವಾಗ ಅವರೇ ಹದವಾಗಿ ಬಿಡುತ್ತಿದ್ದರು. ಗಾಡಿ ಒಮ್ಮೆಯೂ ಆಫ್ ಆಗದೆ ನಯವಾಗಿ ಹೋಗುವುದನ್ನು ನೋಡಿ, ನನಗೆ ಕೈ ಬೇಗ ಕೂಡಿತು ಎಂದು ಹೆಮ್ಮೆಪಟ್ಟಿದ್ದೆ. ಕಲಿಯುವವನ ಕೈಯಲ್ಲಿ ಲಾರಿ ಒಂದು ಸಲವೂ ಜರ್ಕ್ ಹೊಡೆಯುತ್ತಿಲ್ಲವೆಂದರೆ ಓಡಿಸುತ್ತಿರುವವರು ಬೇರೆಯವರೆಂಬುದು ನನಗೆ ಆಮೇಲೆ ಅರ್ಥವಾಯಿತು. ರಿವರ್ಸ್ ತೆಗೆಯುವುದನ್ನು ಹನ್ನೊಂದು ದಿನಗಳಲ್ಲಿ ಒಮ್ಮೆಯೂ ಮಾಡಿಸಲಿಲ್ಲ. ಅದನ್ನು ಕೇಳಿದವನಿಗೆ ಸಿಕ್ಕ ಉತ್ತರ, "ಅದೆಲ್ಲ ಕೆಲಸಕ್ಕೆ ಹೋದ್ಮೇಲೆ ತಾನಾಗೇ ಬರತ್ತೆ" ಎಂಬುದು.

ಇನ್ನೊಂದು ವಿಷಯ ಆ ಲಾರಿಯದು. ಕಾಯ್ದೆಯ ಲೆಕ್ಕದಲ್ಲಿ ಸರಕಿನೊಂದಿಗೆ ಒಟ್ಟು ತೂಕ 12,000 ಕೆಜಿ ಮೀರಿದ ಗಾಡಿ ಮಾತ್ರ ಭಾರೀ ಸರಕು ವಾಹನ. ನಾವು ಕಲಿತದ್ದು ಅದಕ್ಕಿಂತ ಕಡಿಮೆ ತೂಕದ, ಮಧ್ಯಮ ವರ್ಗದ ಆರು ಚಕ್ರದ ಗಾಡಿ; ಆರ್‌ಸಿ, ಅಂದರೆ ಗಾಡಿಯ ನೋಂದಣಿ ಪತ್ರ, ನೋಡಿದ್ದರೆ ಮೊದಲ ದಿನವೇ ತಿಳಿಯುತ್ತಿತ್ತು. ಟೆಸ್ಟಿನ ದಿನ ಎಲ್ಲಿಂದಲೋ ದೊಡ್ಡ ಲಾರಿ ತರಿಸಿದ್ದರು. ಅದರ ಸೀಟಿನಲ್ಲಿ ನಾನು ಕುಳಿತದ್ದು ಅಂದೇ ಮೊದಲು. ಪಕ್ಕದಲ್ಲಿ ಮಾಸ್ತರರು ಕುಳಿತು, ಸ್ವಲ್ಪ ದೂರ ನೇರವಾಗಿ ಹೋಗಿ, ತಿರುಗಿಸಿಕೊಂಡು ಬಂದೆವು. ಪಾಸಾಯಿತು.

ಈಗ ನನ್ನ ತಪ್ಪಿಗೆ ಬರುತ್ತೇನೆ. ಟೆಸ್ಟಿಗೆ ಎರಡು ದಿನ ಮೊದಲು ಕಚೇರಿಗೆ ಕರೆಸಿ, ಬಾಕಿ ಹಣದ ಜೊತೆಗೆ "ಟೆಸ್ಟಿನ ಖರ್ಚು" ಎಂದು 2,500 ರೂಪಾಯಿ ಹೆಚ್ಚಿಗೆ ಕೇಳಿದರು, ಕೊಟ್ಟೆ. ಆಮೇಲೆ ಒಂದು ಉದ್ದನೆಯ ಪುಸ್ತಕವನ್ನು ಮುಂದಿಟ್ಟರು. ಅದು ಫಾರಂ 15, ಅಂದರೆ ಪ್ರತಿ ವಿದ್ಯಾರ್ಥಿ ಯಾವ ದಿನ, ಎಷ್ಟು ಹೊತ್ತಿನಿಂದ ಎಷ್ಟು ಹೊತ್ತಿನವರೆಗೆ ಗಾಡಿ ಓಡಿಸಿದ ಎಂದು ಬರೆದಿಡುವ ದಾಖಲೆ. ತಾರೀಖು, ಗಂಟೆ, ಮಾಸ್ತರರ ಸಹಿ ಎಲ್ಲ ಆಗಲೇ ತುಂಬಿತ್ತು. ನನ್ನ ಸಹಿಯ ಜಾಗಗಳು ಮಾತ್ರ ಖಾಲಿ ಇದ್ದವು. ಒಂದೇ ಪೆನ್ನಿನಲ್ಲಿ, ಒಂದೇ ಕೂತಿನಲ್ಲಿ, ಹದಿನೈದು ಗಂಟೆಗಳಿಗೂ ಸಹಿ ಹಾಕಿದೆ. ಅದರಲ್ಲಿ ಒಂದು ದಿನ ನಾನು ನಮ್ಮೂರ ಜಾತ್ರೆಗೆಂದು ಕುಣಿಗಲ್ಲಿನ ಕಡೆ ಹೋಗಿದ್ದ ದಿನ. ಅದನ್ನು ಗಮನಿಸಿ ನಕ್ಕೆ ಕೂಡ.

ಲೈಸೆನ್ಸ್ ಬಂದ ಹದಿನೈದು ದಿನಕ್ಕೆ ದಾಬಸ್‌ಪೇಟೆಯ ಒಂದು ಗೋದಾಮಿನಲ್ಲಿ ಕೆಲಸ ಕೇಳಿಕೊಂಡು ಹೋದೆ. ಮ್ಯಾನೇಜರ್ ಹತ್ತು ಚಕ್ರದ ಲಾರಿಯ ಕೀ ಕೊಟ್ಟು, ಅಂಗಳದಲ್ಲಿ ತಿರುಗಿಸಿ ತೋರಿಸು ಎಂದರು. ಸ್ಟಾರ್ಟ್ ಮಾಡಿದ ಕೂಡಲೇ ಡ್ಯಾಶ್‌ಬೋರ್ಡಿನಿಂದ ಒಂದೇ ಸಮನೆ ಬಜರ್ ಕೂಗತೊಡಗಿತು. ಏನೋ ಕೆಟ್ಟಿದೆ ಎಂದುಕೊಂಡು ಗಿಯರ್ ಹಾಕಿ ಎಳೆದೆ. ಗಾಡಿ ಮುಂದೆ ಹೋಗಲಾರದೆ ನಡುಗಿ ನಿಂತಿತು. ಪಕ್ಕದ ಲಾರಿಯಲ್ಲಿ ಬೀಡಿ ಸೇದುತ್ತಿದ್ದ ಹಿರಿಯ ಚಾಲಕರೊಬ್ಬರು ಬಂದು, "ಗಾಳಿ ತುಂಬಲಿ ಕಣೋ ಮಗಾ, ಮೀಟರ್ ನೋಡು" ಎಂದರು. ಏರ್ ಬ್ರೇಕಿನ ಲಾರಿಯಲ್ಲಿ ಪಾರ್ಕಿಂಗ್ ಬ್ರೇಕನ್ನು ಬಿಡಿಸುವುದು ಗಾಳಿಯ ಒತ್ತಡ. ಟ್ಯಾಂಕಿನಲ್ಲಿ ಸಾಕಷ್ಟು ಗಾಳಿ ಇಲ್ಲದಿದ್ದರೆ ಸ್ಪ್ರಿಂಗು ಹಿಂದಿನ ಚಕ್ರಗಳನ್ನು ಹಿಡಿದುಕೊಂಡೇ ಇರುತ್ತದೆ. ಇದು ಲಾರಿ ಚಾಲನೆಯ ಮೊದಲ ಪಾಠ. ಪೀಣ್ಯದಲ್ಲಿ ನಾವು ಹತ್ತುವ ಹೊತ್ತಿಗೆ ಎಂಜಿನ್ ಓಡುತ್ತಲೇ ಇರುತ್ತಿದ್ದರಿಂದ, ಆ ಬಜರ್ ಸದ್ದನ್ನೇ ನಾನು ಕೇಳಿರಲಿಲ್ಲ. ರಿವರ್ಸಿನ ಕಥೆಯನ್ನು ಹೇಳುವುದೇ ಬೇಡ. ಮ್ಯಾನೇಜರ್ ಕೀ ವಾಪಸ್ಸು ತೆಗೆದುಕೊಂಡರು.

ಅಲ್ಲಿಗೆ ನಿಲ್ಲಬೇಕಿತ್ತು. ಸಾಲದ ಕಂತು ನಿಲ್ಲಲು ಬಿಡಲಿಲ್ಲ. ಇನ್ನೊಂದು ಕಡೆ ಟೆಸ್ಟು ಗಿಸ್ಟು ನೋಡದೆ, ಲೈಸೆನ್ಸ್ ಮಾತ್ರ ನೋಡಿ ಕೆಲಸಕ್ಕೆ ತೆಗೆದುಕೊಂಡರು. ನಾಲ್ಕನೆಯ ದಿನ ಪೀಣ್ಯ ಎರಡನೆಯ ಹಂತದ ಒಂದು ಅಡ್ಡರಸ್ತೆಗೆ ಎಡಕ್ಕೆ ತಿರುಗಿಸುವಾಗ, ಟಾಟಾ ಏಸ್ ತಿರುಗಿಸಿದಂತೆಯೇ ತಿರುಗಿಸಿದೆ. ಉದ್ದನೆಯ ಗಾಡಿಯ ಹಿಂದಿನ ಚಕ್ರಗಳು ಮುಂದಿನ ಚಕ್ರಗಳ ಜಾಡಿನಲ್ಲಿ ಬರುವುದಿಲ್ಲ, ಒಳಮೂಲೆಯನ್ನು ಕತ್ತರಿಸಿಕೊಂಡು ಬರುತ್ತವೆ. ಅದಕ್ಕಾಗಿ ಮುಂಭಾಗವನ್ನು ಇನ್ನಷ್ಟು ಮುಂದಕ್ಕೆ ಒಯ್ದು ಆಮೇಲೆ ತಿರುಗಿಸಬೇಕು. ನನ್ನ ಲಾರಿಯ ಹಿಂದಿನ ಜೋಡಿ ಚಕ್ರ ಚರಂಡಿಯ ಚಪ್ಪಡಿ ಹತ್ತಿ, ಚಪ್ಪಡಿ ಮುರಿದು, ಕಾರ್ಖಾನೆಯೊಂದರ ಗೇಟಿನ ಕಂಬ ಉರುಳಿತು. ಯಾರಿಗೂ ಪೆಟ್ಟಾಗಲಿಲ್ಲ. ಆದರೆ ಸ್ವಲ್ಪ ಹೊತ್ತಿನ ಮುಂಚೆ ಗಾರ್ಮೆಂಟ್ಸಿನ ಇಬ್ಬರು ಹೆಣ್ಣುಮಕ್ಕಳು ಅದೇ ಚಪ್ಪಡಿಯ ಮೇಲೆ ಕುಳಿತು ಬುತ್ತಿ ಊಟ ಮಾಡುತ್ತಿದ್ದರೆಂದು ಗೇಟಿನ ಸೆಕ್ಯುರಿಟಿಯವರು ಹೇಳಿದರು. ಆ ಮಾತು ಇವತ್ತಿಗೂ ತಿರುವು ಬಂದಾಗಲೆಲ್ಲ ಕಿವಿಯಲ್ಲಿ ಕೇಳಿಸುತ್ತದೆ.

ಕಂಬದ ಖರ್ಚು ನನ್ನ ಸಂಬಳದಲ್ಲಿ ಹೋಯಿತು, ಕೆಲಸವೂ ಹೋಯಿತು. ಶಾಲೆಗೆ ಹೋಗಿ ಜಗಳವಾಡಿದೆ. ಮಾಲೀಕರು ದನಿ ಏರಿಸದೆ ಆ ಉದ್ದನೆಯ ಪುಸ್ತಕ ತೆಗೆದು, "ನೋಡಿ ಸಾರ್, ಎಲ್ಲಾ ಕ್ಲಾಸಿಗೂ ನಿಮ್ದೇ ಸೈನ್ ಇದೆಯಲ್ಲಾ" ಎಂದರು. ಗ್ರಾಹಕರ ಆಯೋಗಕ್ಕೆ ಹೋಗಬಹುದೇ ಎಂದು ಪರಿಚಯದ ವಕೀಲರನ್ನು ಕೇಳಿದೆ. ಎರಡು ವರ್ಷದೊಳಗೆ ದೂರು ಕೊಡಬಹುದು, ಐದು ಲಕ್ಷದವರೆಗಿನ ಪ್ರಕರಣಕ್ಕೆ ಶುಲ್ಕವೂ ಇಲ್ಲ ಎಂದು ಹೇಳಿ, ರಸೀದಿ ಕೇಳಿದರು. ಹಣವನ್ನು ನಾನು ಫೋನಿನಲ್ಲಿ ಕಳಿಸಿದ್ದು ಶಾಲೆಯ ಹೆಸರಿಗಲ್ಲ, ಯಾರೋ ಸಂಬಂಧಿಕರ ಹೆಸರಿನ ಖಾತೆಗೆ. 2,500 ಕೊಟ್ಟದ್ದಂತೂ ನಗದು. ಲೈಸೆನ್ಸಿಗೆ ಅರ್ಜಿ ಹಾಕುವ ಸಾರಥಿ ಜಾಲತಾಣದಲ್ಲಿ ತುಂಬಿದ ಅರ್ಜಿಯಲ್ಲಿ ಮೊಬೈಲ್ ಸಂಖ್ಯೆಯೂ ಶಾಲೆಯವರದೇ. ಅರ್ಜಿಯ ಒಂದು ಸಂದೇಶವೂ ನನ್ನ ಫೋನಿಗೆ ಬಂದಿರಲಿಲ್ಲ. ಶಾಲೆಯ ಪರವಾನಗಿಯನ್ನು ಅಮಾನತಿನಲ್ಲಿಡುವ ಅಥವಾ ರದ್ದು ಮಾಡುವ ಅಧಿಕಾರ ಪರವಾನಗಿ ಕೊಡುವ ಪ್ರಾಧಿಕಾರಕ್ಕೆ ಇದೆ, ನಿಜ. ಆದರೆ ಕಲಿಸಲಿಲ್ಲವೆಂದು ನಾನು ಬರೆದುಕೊಡುವ ದೂರಿನ ಎದುರು, ಕಲಿತೆನೆಂದು ನಾನೇ ಹದಿನೈದು ಸಲ ಬರೆದುಕೊಟ್ಟದ್ದು ನಿಂತಿತ್ತು. ದೂರು ಕೊಡದೆ ಸುಮ್ಮನಾದೆ.

ಆಮೇಲೆ ನನಗೆ ಲಾರಿ ಕಲಿಸಿದವರು ದಾಬಸ್‌ಪೇಟೆಯ ಆ ಹಿರಿಯ ಚಾಲಕರು. ಅವರ ಗಾಡಿಯಲ್ಲಿ ನಾಲ್ಕು ತಿಂಗಳು ಕ್ಲೀನರ್ ಆಗಿ, ಕ್ಲೀನರ್ ಸಂಬಳಕ್ಕೆ, ಹಾಸನದ ಮೇಲೆ ಮಂಗಳೂರಿಗೆ ಓಡಾಡಿದೆ. ಶಿರಾಡಿ ಘಾಟಿಯನ್ನು ಹೇಗೆ ಇಳಿಯಬೇಕೆಂದು ಅವರು ತೋರಿಸಿಕೊಟ್ಟ ರೀತಿಯೇ ಬೇರೆ: ಇಳಿಜಾರು ಶುರುವಾಗುವ ಮೊದಲೇ ಕೆಳಗಿನ ಗಿಯರಿಗೆ ಬಂದು, ಎಂಜಿನ್ನಿನ ಹೊಗೆಯನ್ನು ತಡೆದು ವೇಗ ಕುಗ್ಗಿಸುವ ಎಕ್ಸಾಸ್ಟ್ ಬ್ರೇಕ್ ಹಾಕಿ, ಕಾಲಿನ ಬ್ರೇಕನ್ನು ಆಗೊಮ್ಮೆ ಈಗೊಮ್ಮೆ ಮಾತ್ರ ಒತ್ತುತ್ತಿದ್ದರು. ಡೀಸೆಲ್ ಉಳಿಸಲೆಂದು ನ್ಯೂಟ್ರಲ್ಲಿಗೆ ಹಾಕಿ ಇಳಿಯುವವರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಉದ್ದಕ್ಕೂ ಬ್ರೇಕ್ ಒತ್ತಿಕೊಂಡೇ ಇಳಿದರೆ ಡ್ರಮ್ ಕಾದು ಬ್ರೇಕು ಹಿಡಿಯುವುದೇ ನಿಂತುಹೋಗುತ್ತದೆ. ಇದನ್ನು ಕಲಿಯದ ನನ್ನ ಕೈಯಲ್ಲಿ ಆ ಘಾಟಿ ಇಳಿಯಲು ಬೇಕಾದ ಲೈಸೆನ್ಸ್ ಆಗಲೇ ಇತ್ತು.

ಹಾಗಾಗಿ ಹುಡುಕುತ್ತಿರುವವರಿಗೆ ನಾನು ಹೇಳುವುದಿಷ್ಟು. ಮೊದಲು, ನಿಮಗೆ ಹೆವಿ ಬೇಕೇ ಎಂದು ನೋಡಿಕೊಳ್ಳಿ. ಒಟ್ಟು ತೂಕ 7,500 ಕೆಜಿ ಮೀರದ ಸರಕು ಗಾಡಿಗೆ ಸಾಮಾನ್ಯ ಎಲ್‌ಎಂವಿ, ಅಂದರೆ ಲಘು ವಾಹನದ, ಲೈಸೆನ್ಸೇ ಸಾಕೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರಿನಲ್ಲಿ ಸ್ಪಷ್ಟವಾಗಿ ಹೇಳಿದೆ. ಟಾಟಾ ಏಸಿಗೂ ಹೆವಿ ಬೇಕೆಂದು ಹೆದರಿಸುವವರ ಮಾತು ನಂಬಬೇಡಿ. ಹೆವಿಯೇ ಬೇಕೆಂದಾದರೆ ಕಚೇರಿಯ ಗೋಡೆಯ ಮೇಲೆ ಫಾರಂ 11, ಅಂದರೆ ಶಾಲೆಯ ಪರವಾನಗಿ, ಇದೆಯೇ, ಅದರ ಅವಧಿ ಮುಗಿದಿಲ್ಲವೇ ಎಂದು ಓದಿ. ಕಲಿಸುವ ಲಾರಿಯ ಆರ್‌ಸಿ ಕೇಳಿ. ಒಂದು ಬೆಳಿಗ್ಗೆ ಹೇಳದೆ ಹೋಗಿ ದೂರದಲ್ಲಿ ನಿಂತು, ಒಂದು ಗಾಡಿಗೆ ಎಷ್ಟು ಜನ ಹತ್ತುತ್ತಾರೆ, ಒಬ್ಬೊಬ್ಬರು ಎಷ್ಟು ಹೊತ್ತು ಓಡಿಸುತ್ತಾರೆ, ಯಾರಾದರೂ ರಿವರ್ಸ್ ತೆಗೆಯುತ್ತಾರೆಯೇ ಎಂದು ನೋಡಿ; ಅಷ್ಟು ನೋಡಿದರೆ ಉಳಿದ ಪ್ರಶ್ನೆಗಳೇ ಬೇಕಾಗುವುದಿಲ್ಲ. ಅರ್ಜಿಯಲ್ಲಿ ನಿಮ್ಮದೇ ಮೊಬೈಲ್ ಸಂಖ್ಯೆ ಹಾಕಿಸಿ. ಓಡಿಸದ ಗಂಟೆಗೆ, ಟೆಸ್ಟ್ ತಪ್ಪಿಹೋದರೂ ಸರಿ, ಸಹಿ ಹಾಕಬೇಡಿ. 2021ರ ಜುಲೈಯಿಂದ ಜಾರಿಯಲ್ಲಿರುವ ನಿಯಮದಂತೆ ಮಾನ್ಯತೆ ಪಡೆದ ಚಾಲಕರ ತರಬೇತಿ ಕೇಂದ್ರಗಳಲ್ಲಿ ಹೆವಿ ತರಬೇತಿ ಆರು ವಾರ, 38 ಗಂಟೆ. ಅಲ್ಲಿ ಸಿಮ್ಯುಲೇಟರ್, ಪ್ರತ್ಯೇಕ ಟ್ರ್ಯಾಕ್ ಇರಲೇಬೇಕು, ಅಲ್ಲಿ ಪಾಸಾದವರಿಗೆ ಆರ್‌ಟಿಒದಲ್ಲಿ ಮತ್ತೆ ಚಾಲನಾ ಪರೀಕ್ಷೆ ಇಲ್ಲ. ಆರು ವಾರ ದುಡಿಮೆ ಬಿಡುವುದು ಕಷ್ಟವೆಂದು ನನಗೆ ಗೊತ್ತು. ನಾನು ಬಿಟ್ಟದ್ದು ನಾಲ್ಕು ತಿಂಗಳು.

ಕಳೆದ ತಿಂಗಳು ನನ್ನ ಚಿಕ್ಕಪ್ಪನ ಮಗ ಲಗ್ಗೆರೆಯ ಕಡೆ ಒಂದು ಶಾಲೆ ನೋಡಿದ್ದೇನೆ ಎಂದ. ಜೊತೆಯಲ್ಲಿ ಹೋದೆ. ಹಿಂದಿನ ತಂಡದ ಫಾರಂ 15 ಪುಸ್ತಕ ತೋರಿಸಿ ಎಂದು ಕೇಳಿದೆ. ಮೇಜಿನ ಮೇಲೆಯೇ ಇತ್ತು. ನಾನು ಕೈ ಚಾಚುವಷ್ಟರಲ್ಲಿ ಅದನ್ನು ಡ್ರಾಯರಿನೊಳಗೆ ಹಾಕಿ, "ಲೈಸೆನ್ಸ್ ಕೈಗೆ ಸಿಕ್ಕಿದ್ರೆ ಆಯ್ತಲ್ವಾ ಸಾರ್" ಎಂದರು. ನಾವು ಎದ್ದು ಬಂದೆವು. ಅವನಿನ್ನೂ ಹುಡುಕುತ್ತಿದ್ದಾನೆ.