ಚಿನ್ನಸ್ವಾಮಿಯಲ್ಲಿ ಟೆಸ್ಟಿನ ಮೂರನೇ ದಿನದ ಟಿಕೆಟ್: ದುಡ್ಡಿಗೆ ಮೋಸ ಇಲ್ಲ

ಟಿವಿಯಲ್ಲೇ ಕಾಣುವ ಆಟಕ್ಕೆ ದುಡ್ಡು ಕೊಟ್ಟು, ಒಂದಿಡೀ ದಿನ ಹೋಗಿ ಕೂರಬೇಕಾ ಅಂತ ಕೇಳುವವರಿಗಾಗಿ ಇದು. 2024ರ ಅಕ್ಟೋಬರ್ 18ರ ಶುಕ್ರವಾರ, ಭಾರತ–ನ್ಯೂಜಿಲೆಂಡ್ ಟೆಸ್ಟಿನ ಮೂರನೇ ದಿನ, ಆಫೀಸಿಗೆ ರಜೆ ಹಾಕಿ ಅಕ್ಕನ ಮಗನನ್ನು ಕರೆದುಕೊಂಡು ಹೋಗಿದ್ದೆ. ಶಾಲೆಗೆ ಹೊಟ್ಟೆನೋವು ಅಂತ ಹೇಳಿಯಾಗಿತ್ತು. ಅಕ್ಕನಿಗೆ ನಿಜ ಗೊತ್ತು, ಭಾವನಿಗೆ ಇನ್ನೂ ಗೊತ್ತಿಲ್ಲ. ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಆ ಅರ್ಧ ಹೋದದ್ದು ಸ್ಟೇಡಿಯಂ ತಪ್ಪಿನಿಂದಲ್ಲ.

ಮೊದಲ ದಿನ ಮಳೆಗೇ ಹೋಗಿತ್ತು, ಟಾಸ್ ಕೂಡ ಆಗಿರಲಿಲ್ಲ. ಎರಡನೇ ದಿನ ನಮ್ಮವರು 46ಕ್ಕೆ ಆಲೌಟ್. ತವರಿನಲ್ಲಿ ಇಷ್ಟು ಕಡಿಮೆಗೆ ಹಿಂದೆಂದೂ ಆಗಿರಲಿಲ್ಲ. ಟಿಕೆಟ್ ದುಡ್ಡು ದಂಡ ಅಂದುಕೊಂಡೇ ಮೆಟ್ರೊ ಹತ್ತಿದೆವು. ಕಬ್ಬನ್ ಪಾರ್ಕ್ ಸ್ಟೇಷನ್ನಿನಲ್ಲಿ ಇಳಿದರೆ ನಡಿಗೆ ಅಷ್ಟೇ, ದಯವಿಟ್ಟು ಗಾಡಿ ತರಬೇಡಿ.

ಒಳಗೆ ಹೋದ ತಕ್ಷಣ ನೋಡಿದ್ದು ಔಟ್‌ಫೀಲ್ಡ್. ಅಷ್ಟೆಲ್ಲ ಮಳೆ ಬಿದ್ದಿದ್ದ ನೆಲ ಅಂತ ನಂಬುವುದು ಕಷ್ಟ. ಹುಲ್ಲಿನ ಕೆಳಗೆ ಪೈಪ್ ಹಾಕಿ ನೀರನ್ನು ಮೆಷಿನ್‌ನಿಂದ ಎಳೆದುಕೊಳ್ಳುವ ಸಬ್‌ಏರ್ ವ್ಯವಸ್ಥೆ ಇಲ್ಲಿ 2017ರಿಂದ ಇದೆ. ಅದನ್ನು ಹಾಕಿಸಿದವರಿಗೆ ಒಂದು ದೊಡ್ಡ ಕಾಫಿ ಕೊಡಿಸಬೇಕು.

ಸೀಟು ಪಿಚ್‌ನ ಪಕ್ಕಕ್ಕೆ ಸಿಕ್ಕಿತ್ತು. ಚೆಂಡು ಎಷ್ಟು ತಿರುಗಿತು ಅನ್ನುವುದು ಇಲ್ಲಿಂದ ಸರಿಯಾಗಿ ತಿಳಿಯುವುದಿಲ್ಲ, ಅದು ನಷ್ಟ. ಆದರೆ ಬ್ಯಾಟ್ಸ್‌ಮನ್ ಕಾಲು ಎಲ್ಲಿಗೆ ಹೋಗುತ್ತದೆ ಅನ್ನುವುದು ಅಂಗೈ ನೋಡಿದ ಹಾಗೆ ಕಾಣುತ್ತದೆ. ಟಿವಿಯವರು ಇದನ್ನು ರೀಪ್ಲೇಯಲ್ಲಿ ಮಾತ್ರ ತೋರಿಸುತ್ತಾರೆ, ಅಲ್ವಾ. ಅವತ್ತು ನೋಡಬೇಕಾದ ಕಾಲು ನ್ಯೂಜಿಲೆಂಡ್‌ನ ರಚಿನ್ ರವೀಂದ್ರನದು. ಸ್ಪಿನ್ನರ್ ಕೈಯಿಂದ ಚೆಂಡು ಬಿಟ್ಟ ಕೂಡಲೇ ಒಂದೋ ಪೂರ್ತಿ ಮುಂದೆ, ಇಲ್ಲಾ ಸ್ಟಂಪಿನ ಹತ್ತಿರಕ್ಕೆ ಪೂರ್ತಿ ಹಿಂದೆ, ನಡುವೆ ಸಿಕ್ಕಿಹಾಕಿಕೊಳ್ಳುವ ಮಾತೇ ಇಲ್ಲ. ಟೂರ್‌ಗೆ ಮುಂಚೆ ಚೆನ್ನೈನಲ್ಲಿ ಐಪಿಎಲ್ ಟೀಮ್ ಸಿಎಸ್‌ಕೆಯ ಅಕಾಡೆಮಿಯಲ್ಲಿ ಕೆಲವು ದಿನ ಕೆಂಪು ಮಣ್ಣು, ಕಪ್ಪು ಮಣ್ಣು ಎರಡರ ಪಿಚ್ ಮೇಲೂ ಅಭ್ಯಾಸ ಮಾಡಿ ಬಂದಿದ್ದನಂತೆ. ಸುಮ್ನೆ ಬಂದದ್ದಲ್ಲ.

ನಮ್ಮ ಹುಡುಗನಿಗೆ ಹದಿಮೂರು ವರ್ಷ. ಶಾಲಾ ಟೀಮಿನಲ್ಲಿ ಎಡಗೈ ಸ್ಪಿನ್, ಬ್ಯಾಟಿಂಗ್ ಎಂಟನೆಯವನು. ಅವನ ಪ್ರಶ್ನೆ, "ಮಾಮ, ಇವನೂ ಸ್ಪಿನ್ನರ್ ಅಲ್ವಾ? ಮತ್ತೆ ಇಷ್ಟು ಮೇಲೆ ಯಾಕೆ ಆಡ್ತಾನೆ?"

ಡ್ರಿಂಕ್ಸ್ ಹೊತ್ತಿನಲ್ಲಿ ಕಥೆ ಹೇಳಿದೆ. ಅಪ್ಪ ಅಮ್ಮ ಬೆಂಗಳೂರಿನವರು, ಹುಡುಗ ಹುಟ್ಟಿದ್ದು 1999ರಲ್ಲಿ ವೆಲ್ಲಿಂಗ್ಟನ್‌ನಲ್ಲಿ. ರಾಹುಲ್, ಸಚಿನ್ ಸೇರಿಸಿ ಹೆಸರಿಟ್ಟರು ಅಂತ ಎಲ್ಲರೂ ಹೇಳುತ್ತಾರೆ, ಆದರೆ ಆ ಜೋಡಿ ತಮಗೆ ಹೊಳೆದದ್ದೇ ಎಷ್ಟೋ ವರ್ಷ ಆದಮೇಲೆ ಅಂತ ಅಪ್ಪನೇ ಹೇಳಿದ್ದಾರೆ. ಎರಡು ಅಂಡರ್-19 ವಿಶ್ವಕಪ್ ಆಡಿದ. ಮೊದಲ ಟೆಸ್ಟ್ 2021ರಲ್ಲಿ ಕಾನ್ಪುರದಲ್ಲಿ. ಸ್ಪಿನ್ ಹಾಕುತ್ತಾನೆ, ಕೆಳಗೆ ಬಂದು ಸ್ವಲ್ಪ ಬ್ಯಾಟೂ ಬೀಸುತ್ತಾನೆ ಅನ್ನುವ ಲೆಕ್ಕದಲ್ಲಿ ಟೀಮಿನಲ್ಲಿದ್ದವನು. ಕೊನೆಯ ದಿನ 91 ಚೆಂಡಿಗೆ 18 ರನ್ ಹೊಡೆದು ಔಟಾಗದೆ, ಒಂಬತ್ತು ವಿಕೆಟ್ ಬಿದ್ದಮೇಲೂ ಅವರ ಇನ್ನೊಬ್ಬ ಸ್ಪಿನ್ನರ್ ಎಜಾಜ್ ಪಟೇಲ್ ಜೊತೆ ನಿಂತು ಮ್ಯಾಚ್ ಡ್ರಾ ಮಾಡಿದ. ನಾನು ಟಿವಿ ಮುಂದೆ ಉಗುರು ಕಚ್ಚುತ್ತಾ ಶಾಪ ಹಾಕಿದ್ದೆ. ಮುಂದಿನ ಮುಂಬೈ ಟೆಸ್ಟಿನಲ್ಲಿ ಎಜಾಜ್ ಒಂದೇ ಇನಿಂಗ್ಸ್‌ನಲ್ಲಿ ನಮ್ಮ ಹತ್ತೂ ವಿಕೆಟ್ ಕಿತ್ತಾಗ, ಹತ್ತನೆಯದಕ್ಕೆ ಕ್ಯಾಚ್ ಹಿಡಿದವನೂ ಇವನೇ.

ಆಮೇಲೆ ಇನ್ನೊಂದೇ ಟೆಸ್ಟ್, ಅಷ್ಟಕ್ಕೇ ಟೆಸ್ಟ್ ಟೀಮಿನಿಂದ ಹೊರಗೆ, ಅದೂ ಎರಡು ವರ್ಷ. ಮತ್ತೆ ಟೆಸ್ಟ್ ಸಿಕ್ಕಿದ್ದು 2024ರ ಫೆಬ್ರವರಿಯಲ್ಲಿ, ಬಂದವನೇ ದಕ್ಷಿಣ ಆಫ್ರಿಕಾ ಮೇಲೆ 240. ಅದಕ್ಕೂ ಮುಂಚೆ 2023ರ ವಿಶ್ವಕಪ್‌ನಲ್ಲಿ ಕ್ಯಾಪ್ಟನ್ ವಿಲಿಯಮ್ಸನ್ ಇಲ್ಲದ ಮೊದಲ ಮ್ಯಾಚಿಗೆ ಮೂರನೆಯವನಾಗಿ ಇಳಿಸಿದರು, ಇಂಗ್ಲೆಂಡ್ ಮೇಲೆ ಔಟಾಗದೆ 123. ಆ ಟೂರ್ನಿಯಲ್ಲಿ ಒಟ್ಟು 578 ರನ್, ಮೂರು ಶತಕ. ಅದರಲ್ಲೊಂದು ಇದೇ ಚಿನ್ನಸ್ವಾಮಿಯಲ್ಲಿ ಪಾಕಿಸ್ತಾನದ ಮೇಲೆ.

"ಹಂಗಾದ್ರೆ ಇವನು ಆಲ್‌ರೌಂಡರ್ರೋ ಬ್ಯಾಟ್ಸ್‌ಮನ್ನೋ?" ಅಂದ. ನನಗೂ ಸರಿಯಾಗಿ ಹೇಳಲು ಬರಲಿಲ್ಲ. ನನ್ನ ಪ್ರಕಾರ ಬೌಲಿಂಗ್ ಇವನಿಗೆ ಒಳಗೆ ಬರಲು ಬಾಗಿಲು ತೆಗೆಯಿತು ಅಷ್ಟೇ. ಮನೆಯಲ್ಲಿ ಈಗ ಇರುವವನು ಬ್ಯಾಟ್ಸ್‌ಮನ್.

ಅವತ್ತು ಬೆಳಗ್ಗೆ ನ್ಯೂಜಿಲೆಂಡ್ ವಿಕೆಟ್‌ಗಳು ಉದುರಿ 233ಕ್ಕೆ ಏಳು ಆಗಿತ್ತು. ಇನ್ನು ಬೇಗ ಮುಗಿಸಬಹುದು ಅಂದುಕೊಂಡು ಜನ ಗಲಾಟೆ ಶುರುಮಾಡಿದ್ದರು. ಅಲ್ಲಿಂದ ರಚಿನ್ ಮತ್ತು ಸೌಥಿ ಸೇರಿ 137 ರನ್ ಹೊಡೆದರು. ರಚಿನ್ 134 ಹೊಡೆದು ಕೊನೆಯವನಾಗಿ ಔಟಾದಾಗ ಎದ್ದು ನಿಂತು ಚಪ್ಪಾಳೆ ತಟ್ಟಿದವರಲ್ಲಿ ನಾವೂ ಇದ್ದೆವು. ಎದುರಾಳಿ ಹುಡುಗನಿಗೆ ಅಂತ ಅನ್ನಿಸಲೇ ಇಲ್ಲ. ಸಂಜೆ ಕೊಹ್ಲಿ 70 ಹೊಡೆದು ದಿನದ ಕೊನೇ ಚೆಂಡಿಗೆ ಔಟಾದಾಗ ಮಾತ್ರ ಇಡೀ ಸ್ಟೇಡಿಯಂ ಗಪ್‌ಚುಪ್.

ಈಗ ಆ ಅರ್ಧ ಸ್ಟಾರಿನ ವಿಷಯ. ಪವರ್ ಬ್ಯಾಂಕ್ ಒಳಗೆ ಬಿಡುವುದಿಲ್ಲ ಅಂತ ಗೊತ್ತಿದ್ದೂ ಬ್ಯಾಗಿನಲ್ಲಿಟ್ಟುಕೊಂಡು ಹೋದೆ, ತಪ್ಪು ನನ್ನದೇ. ಹೊರಗೆ ಒಂದು ಅಂಗಡಿಯಲ್ಲಿ ಬ್ಯಾಗ್ ಇಟ್ಟುಕೊಳ್ಳಲು ಐವತ್ತು ರೂಪಾಯಿ ಕೇಳಿದರು, ಕೊಟ್ಟೆ. ಸಂಜೆ ಬಂದರೆ ಶಟರ್ ಎಳೆದಿದೆ! ಮುಕ್ಕಾಲು ಗಂಟೆ ಕಾದಮೇಲೆ ಪುಣ್ಯಾತ್ಮ ಬೀಡಾ ಜಗಿಯುತ್ತಾ ಬಂದು, ಲೇಟಾಗಿದ್ದಕ್ಕೆ ಇನ್ನೊಂದು ಇಪ್ಪತ್ತು ಕೇಳಿದ. ಲೇಟಾದದ್ದು ಯಾರು ಸ್ವಾಮಿ? ಬರೀ ಫೋನು, ಪರ್ಸು ಹಿಡಿದು ಹೋಗಿ.

ಕೊನೆಯ ದಿನ, ಭಾನುವಾರದ ಟಿಕೆಟ್ ನಾನು ತಗೊಂಡಿರಲಿಲ್ಲ. ಬೇಕಿದ್ದ 107 ರನ್ನನ್ನು ನ್ಯೂಜಿಲೆಂಡ್‌ನವರು ಎರಡೇ ವಿಕೆಟ್ ಕಳೆದುಕೊಂಡು ಹೊಡೆದರು, 36 ವರ್ಷದ ಮೇಲೆ ಭಾರತದಲ್ಲಿ ಅವರಿಗೊಂದು ಟೆಸ್ಟ್ ಗೆಲುವು. ಕೊನೆಗೆ ಕ್ರೀಸಿನಲ್ಲಿದ್ದದ್ದು 39 ಹೊಡೆದ ರಚಿನ್ನೇ. ಮನೆಯಲ್ಲಿ ಟಿವಿ ಮುಂದೆ ಕೂತು ನೋಡಿದೆವು. ಹುಡುಗ ಒಂದೇ ಸಮ, "ಮಾಮ, ಇಲ್ಲಿಂದ ಕಾಲೇ ಕಾಣ್ತಿಲ್ಲ" ಅನ್ನುತ್ತಿದ್ದ.