ಗಯಾ ಆರ್ಕೈವ್: ಪ್ಯಾರಲಾಕ್ಸ್ ಸಿಗುತ್ತದೆ, ದೂರ ನೀವೇ ತೆಗೆಯಬೇಕು

ನಕ್ಷತ್ರಗಳ ದೂರ ಬೇಕೆಂದರೆ ಇವತ್ತು ಎಲ್ಲರೂ ಮೊದಲು ತೆರೆಯುವುದು ಯುರೋಪಿಯನ್ ಬಾಹ್ಯಾಕಾಶ ಸಂಸ್ಥೆಯ ಗಯಾ ಆರ್ಕೈವ್, ಅಂದರೆ ಗಯಾ ಬಾಹ್ಯಾಕಾಶ ದೂರದರ್ಶಕದ ಅಳತೆಗಳ ಭಂಡಾರ. ಪೂರ್ತಿ ಉಚಿತ, ಖಾತೆಯೂ ಕಡ್ಡಾಯವಲ್ಲ. 2022ರ ಜೂನ್‌ನಲ್ಲಿ ಬಂದ ಮೂರನೇ ಬಿಡುಗಡೆಯಲ್ಲಿ ಸುಮಾರು 146 ಕೋಟಿ ಆಕರಗಳಿಗೆ ಪ್ಯಾರಲಾಕ್ಸ್ ಇದೆ, ಅಂದರೆ ಭೂಮಿ ಸೂರ್ಯನನ್ನು ಸುತ್ತುವಾಗ ನಕ್ಷತ್ರ ಆಕಾಶದಲ್ಲಿ ಸರಿದಂತೆ ಕಾಣುವ ಕೋನ; ಅದು ಚಿಕ್ಕದಾದಷ್ಟೂ ದೂರ ಹೆಚ್ಚು. ಹಿಂದಿನ ಉಪಗ್ರಹ ಹಿಪ್ಪಾರ್ಕಸ್ ಕೊಟ್ಟ ಪಟ್ಟಿಯಲ್ಲಿದ್ದದ್ದು 1,18,218 ನಕ್ಷತ್ರ, ನಿಖರತೆ 1 ಮಿಲಿ ಆರ್ಕ್‌ಸೆಕೆಂಡಿನ ಆಸುಪಾಸು (ಡಿಗ್ರಿಯ 3600ರಲ್ಲೊಂದು ಭಾಗ ಆರ್ಕ್‌ಸೆಕೆಂಡ್, ಅದರ ಸಾವಿರದಲ್ಲೊಂದು ಭಾಗ ಇದು). ಗಯಾದಲ್ಲಿ 15ನೇ ಕಾಂತಿಮಾನದ (ಸಂಖ್ಯೆ ಹೆಚ್ಚಿದಷ್ಟೂ ನಕ್ಷತ್ರ ಮಂಕು) ನಕ್ಷತ್ರಕ್ಕೆ ದೋಷ ಅದೇ ಮಾನದಲ್ಲಿ 0.02ರಿಂದ 0.03, 17ಕ್ಕೆ 0.07, 20ಕ್ಕೆ 0.5. ಸರಕಿನ ಬಗ್ಗೆ ತಕರಾರಿಲ್ಲ; ತಕರಾರಿರುವುದು ಅದನ್ನು ಬಡಿಸಿರುವ ರೀತಿಯ ಬಗ್ಗೆ.

ಉಪಕರಣದ ಹೆಚ್ಚುಗಾರಿಕೆ ಇರುವುದು 106.5 ಡಿಗ್ರಿ ಕೋನದಲ್ಲಿ ಕೂರಿಸಿದ ಎರಡು ದೂರದರ್ಶಕಗಳಲ್ಲಿ. ನೆಲದಿಂದ ಅಳೆಯುವಾಗ ಹತ್ತಿರದ ನಕ್ಷತ್ರದ ಪಲ್ಲಟವನ್ನು ಅದರ ಹಿನ್ನೆಲೆಯ ನಕ್ಷತ್ರಗಳಿಗೆ ಹೋಲಿಸುತ್ತೇವೆ. ಆದರೆ ಆ ಹಿನ್ನೆಲೆಯೂ ಅದೇ ದಿಕ್ಕಿಗೆ ತುಸು ಸರಿಯುತ್ತದೆ, ಹಾಗಾಗಿ ಉತ್ತರ ಸಾಪೇಕ್ಷವೇ. ಗಯಾದಂತೆ ಅಷ್ಟು ಅಂತರವಿರುವ ಎರಡು ದಿಕ್ಕುಗಳನ್ನು ಒಟ್ಟಿಗೆ ನೋಡಿದರೆ ಪಲ್ಲಟಗಳ ಹಂತ ಬೇರೆಬೇರೆ. ಹಾಗಾಗಿ ನಿರಪೇಕ್ಷ ಪ್ಯಾರಲಾಕ್ಸ್ ದಕ್ಕುತ್ತದೆ.

ಇನ್ನು ಬಳಕೆ. ಪ್ರಾಕ್ಸಿಮಾ ಸೆಂಟಾರಿಯನ್ನು ಹುಡುಕಿ: ಪ್ಯಾರಲಾಕ್ಸ್ 768.07. ಕಾಲಮ್ಮಿನ ಮಾನ ಮಿಲಿ ಆರ್ಕ್‌ಸೆಕೆಂಡ್, ಆದ್ದರಿಂದ 1000ವನ್ನು ಅದರಿಂದ ಭಾಗಿಸಿ: 1.302 ಪಾರ್ಸೆಕ್, ಅಂದರೆ 4.25 ಜ್ಯೋತಿರ್ವರ್ಷ. ಬರ್ನಾರ್ಡ್ ನಕ್ಷತ್ರಕ್ಕೆ 2000ನೇ ಇಸವಿಯ ನಿರ್ದೇಶಾಂಕ ಕೊಟ್ಟು 5 ಆರ್ಕ್‌ಸೆಕೆಂಡ್ ವ್ಯಾಪ್ತಿಯಲ್ಲಿ ಹುಡುಕಿದರೆ ಅದು ಸಿಗುವುದಿಲ್ಲ. ಪಟ್ಟಿಯ ಸ್ಥಾನಗಳು 2016.0ಕ್ಕೆ ಸೇರಿದವು, ಆ ನಕ್ಷತ್ರ ವರ್ಷಕ್ಕೆ ಸುಮಾರು 10.4 ಆರ್ಕ್‌ಸೆಕೆಂಡ್ ಓಡುತ್ತದೆ. 16 ವರ್ಷಕ್ಕೆ ಎಷ್ಟಾಯಿತು ನೋಡಿ. ಆರ್ಕೈವನ್ನು ಕೋಡಿನಿಂದಲೇ ಕೇಳಲು ಬಳಸುವ ಪೈಥಾನಿನ ಆಸ್ಟ್ರೋಕ್ವೆರಿಯಲ್ಲಿ ಸಿಂಕ್ರೊನಸ್ (ಕೂಡಲೇ ಉತ್ತರ ಬರುವ) ಪ್ರಶ್ನೆ 2000 ಸಾಲಿಗೇ ನಿಲ್ಲುತ್ತದೆ. ಫಲಿತಾಂಶ ಸರಿಯಾಗಿ 2000 ಸಾಲು ಬಂದಿದ್ದರೆ ಅನುಮಾನಿಸಿ, ಅಸಿಂಕ್ರೊನಸ್‌ಗೆ ಬದಲಾಯಿಸಿ.

ದೊಡ್ಡ ಎಡವಟ್ಟು ಆಗುವುದು ದೂರದ ನಕ್ಷತ್ರಗಳಲ್ಲಿ. ಪ್ಯಾರಲಾಕ್ಸ್ 0.20, ದೋಷ 0.10 ಎಂದಿಟ್ಟುಕೊಳ್ಳಿ. ತಲೆಕೆಳಗು ಮಾಡಿದರೆ 5000 ಪಾರ್ಸೆಕ್. ದೋಷದ ಎರಡು ತುದಿ ಹಿಡಿದರೆ ಒಂದು ಕಡೆ 3333, ಇನ್ನೊಂದು ಕಡೆ 10,000. ಋಣ ಪ್ಯಾರಲಾಕ್ಸ್‌ಗಳೂ ಧಾರಾಳವಾಗಿವೆ. ಅವು ತಪ್ಪು ದತ್ತಾಂಶವಲ್ಲ, ಅಳತೆಯ ಏರುಪೇರು ಅಷ್ಟೇ. ಕಿತ್ತು ಬಿಸಾಡಿದರೆ ಉಳಿದ ಗುಂಪಿನ ಸರಾಸರಿ ವಾಲುತ್ತದೆ.

ಶೂನ್ಯಬಿಂದುವಿನ ದೋಷವೂ ಇದೆ. ಬಹು ದೂರದ ಗೆಲಾಕ್ಸಿಗಳ ಉಜ್ವಲ ಕೇಂದ್ರಗಳಾದ, ಅನಂತ ದೂರದಲ್ಲಿವೆ ಎನ್ನಬಹುದಾದ ಕ್ವೇಸಾರ್‌ಗಳ ಪ್ಯಾರಲಾಕ್ಸ್ ಸೊನ್ನೆ ಬರಬೇಕಿತ್ತು. ಮಧ್ಯಕ ಬಂದದ್ದು −0.017. ಕಾಂತಿ, ಬಣ್ಣ, ಕ್ರಾಂತಿವೃತ್ತೀಯ ಅಕ್ಷಾಂಶಕ್ಕೆ (ಆಕಾಶದಲ್ಲಿ ಸೂರ್ಯನ ಪಥದಿಂದ ಇರುವ ಕೋನ) ತಕ್ಕಂತೆ ಇದು ಬದಲಾಗುತ್ತದೆ. ತಿದ್ದುಪಡಿಯ ಪೈಥಾನ್ ಕೋಡ್ ಇದೆ, ಆದರೆ ಕಾಲಮ್ಮಿನಲ್ಲಿರುವ ಸಂಖ್ಯೆ ತಿದ್ದದ್ದಲ್ಲ. ಚಿಹ್ನೆಯಲ್ಲಿ ಎಡವುವವರು ಬಹಳ: ಋಣವನ್ನು ಕಳೆಯಬೇಕು, ಅಂದರೆ ಕೂಡಬೇಕು. ತಿದ್ದುಪಡಿ −0.03 ಇದ್ದರೆ 0.25 ಹೋಗಿ 0.28 ಆಗುತ್ತದೆ, 4000 ಪಾರ್ಸೆಕ್ ಇದ್ದದ್ದು 3571ಕ್ಕೆ ಇಳಿಯುತ್ತದೆ. ಇಷ್ಟು ದೊಡ್ಡ ವ್ಯತ್ಯಾಸದ ಎಚ್ಚರಿಕೆ ಕಾಲಮ್ಮಿನ ಪಕ್ಕದಲ್ಲೇ ಇರಬೇಕಿತ್ತು, ದಸ್ತಾವೇಜಿನ ಒಳಪುಟದಲ್ಲಲ್ಲ.

ಆರ್‌ಯುಡಬ್ಲ್ಯುಇ (ruwe) ಎಂಬ ಕಾಲಮ್ಮನ್ನೂ ಜೊತೆಗೇ ತೆಗೆದುಕೊಳ್ಳಿ; ಅಳತೆ ಒಂಟಿ ನಕ್ಷತ್ರದ ಲೆಕ್ಕಕ್ಕೆ ಎಷ್ಟು ಹೊಂದುತ್ತದೆ ಎಂದು ಅದು ಹೇಳುತ್ತದೆ. 1.4 ದಾಟಿದ್ದರೆ ಅವಳಿ ನಕ್ಷತ್ರವಿರಬಹುದು. ಕಕ್ಷೆಯ ಅಲುಗಾಟ ಪ್ಯಾರಲಾಕ್ಸ್‌ನ ಅಲುಗಾಟದೊಳಗೆ ಬೆರೆಯುತ್ತದೆ. ಪರಿಭ್ರಮಣಾವಧಿ ಒಂದು ವರ್ಷದ ಹತ್ತಿರವಿದ್ದರೆ ಬಿಡಿಸುವುದು ಇನ್ನೂ ಕಷ್ಟ.

ಇದೆಲ್ಲ ಬೇಡ, ನೇರ ದೂರವೇ ಬೇಕೆನ್ನುವವರಿಗೆ ಖಗೋಳವಿಜ್ಞಾನಿ ಬೈಲರ್-ಜೋನ್ಸ್ ತಂಡದ 2021ರ ಕೋಷ್ಟಕ ಆರ್ಕೈವ್‌ನಲ್ಲೇ ಇದೆ. ಶೂನ್ಯಬಿಂದುವಿನ ತಿದ್ದುಪಡಿ ಅದರಲ್ಲಿ ಸೇರಿದೆ, ಮೇಲಿನ–ಕೆಳಗಿನ ಮಿತಿಗಳೂ ಇವೆ. ಒಳ್ಳೆಯ ಸೌಲಭ್ಯ, ಆದರೆ ಪ್ಯಾರಲಾಕ್ಸ್ ಕಳಪೆಯಾಗಿದ್ದಲ್ಲಿ ಬರುವ ಉತ್ತರ ಬಹುಪಾಲು ಅವರು ಇಟ್ಟುಕೊಂಡ ಆಕಾಶಗಂಗೆಯ ಮಾದರಿಯದ್ದು, ನಿಮ್ಮ ನಕ್ಷತ್ರದ್ದಲ್ಲ.

ಬರಿಗಣ್ಣಿಗೆ ಅತಿ ಪ್ರಕಾಶವಾಗಿ ಕಾಣುವ ನಕ್ಷತ್ರಗಳಿಗಾಗಿ ಇಲ್ಲಿಗೆ ಬಂದರೆ ನಿರಾಸೆ ಖಚಿತ. 3ನೇ ಕಾಂತಿಮಾನಕ್ಕಿಂತ ಪ್ರಕಾಶಮಾನವಾದವುಗಳ ಪಟ್ಟಿ ಅಪೂರ್ಣ, ಲುಬ್ಧಕಕ್ಕೆ ಈಗಲೂ ಹಿಪ್ಪಾರ್ಕಸ್‌ನ 379.21 ಮಿಲಿ ಆರ್ಕ್‌ಸೆಕೆಂಡೇ ಗತಿ.