ಬೇಸಿಗೆ ಚಿಕ್ಕದಿರುವ ಕಡೆ ಕುಂಡದಲ್ಲಿ ಬೀನ್ಸ್ ಬಿತ್ತುವ ಮುನ್ನ

ಕುಂಡದಲ್ಲಿ ಬೀನ್ಸ್ ಬೆಳೆಯುವುದು ಮಕ್ಕಳಾಟ ಎಂಬ ಮಾತನ್ನು ನಂಬಿ ಒಂದು ಇಡೀ ಬೆಳೆಗಾಲವನ್ನು ಕಳೆದುಕೊಂಡವನು ನಾನು. ಆ ಮಾತು ಸುಳ್ಳೇನಲ್ಲ. ಆದರೆ ಅದು ವರ್ಷದ ಹೆಚ್ಚಿನ ತಿಂಗಳು ಮಣ್ಣು ಬೆಚ್ಚಗಿರುವ ಕಡೆಗೆ ಸಲ್ಲುವ ಮಾತು. ವಸಂತದ ಕೊನೆಯ ಹಿಮಕ್ಕೂ ಶರತ್ಕಾಲದ ಮೊದಲ ಹಿಮಕ್ಕೂ ನಡುವೆ ಹೆಚ್ಚುಕಡಿಮೆ 100 ದಿನ ಮಾತ್ರ ಸಿಗುವ ಕಡೆ, ಒಂದು ಸಲ ಬಿತ್ತನೆ ಕೆಟ್ಟರೆ ತಿದ್ದಿಕೊಳ್ಳಲು ಇನ್ನೊಂದೇ ಅವಕಾಶ ಉಳಿದಿರುತ್ತದೆ. ನಾನು ಅದನ್ನೂ ಕೆಡಿಸಿಕೊಂಡೆ. ಕೆಳಗೆ ಬರುವ ದಿನಗಳನ್ನೆಲ್ಲ ಕೊನೆಯ ಹಿಮ ಬಿದ್ದ ದಿನದಿಂದ ಎಣಿಸಿದ್ದೇನೆ.

ಮೂರನೆಯ ದಿನವೇ ಬಿತ್ತಿದೆ. ಮಧ್ಯಾಹ್ನದ ಬಿಸಿಲು ಚುರುಗುಟ್ಟುತ್ತಿತ್ತು, ಅಂಗಿಯ ತೋಳು ಮಡಚಿಕೊಂಡು ಕೆಲಸ ಮಾಡುವಷ್ಟು ಸೆಕೆಯಿತ್ತು. ಇನ್ನೇನು ಕಾಯುವುದು ಎನ್ನಿಸಿತು. ಬೀಜದ ಪೊಟ್ಟಣದ ಮೇಲೆ 55 ದಿನ ಎಂದು ಬರೆದಿದ್ದ ಗಿಡ ಬೀನ್ಸ್, ಅಂದರೆ ಹಂಬು ಹಬ್ಬದೆ ಮೊಣಕಾಲೆತ್ತರಕ್ಕೆ ನಿಲ್ಲುವ ಬಗೆ. ಬೇಗ ಮೊಳೆಯಲಿ ಎಂದು ಹಿಂದಿನ ರಾತ್ರಿಯೇ 24 ಬೀಜಗಳನ್ನು ನೀರಿನಲ್ಲಿ ನೆನೆಹಾಕಿದ್ದೆ. ಬೆಳಗ್ಗೆ ಅರ್ಧದಷ್ಟರ ಸಿಪ್ಪೆ ಸೀಳಿತ್ತು. ಅದನ್ನು ಒಳ್ಳೆಯ ಲಕ್ಷಣವೆಂದು ಭಾವಿಸಿ ಮೂರು ಕುಂಡಗಳಲ್ಲಿ ಎಂಟೆಂಟರಂತೆ ಊರಿ, ಕೊಳಾಯಿಯ ತಣ್ಣೀರನ್ನು ಧಾರಾಳವಾಗಿ ಹೊಯ್ದೆ.

ಹನ್ನೆರಡು ದಿನ ಕಾದರೂ ಮಣ್ಣು ಬಿರಿಯಲಿಲ್ಲ. ಬೆರಳಿನಿಂದ ಕೆದಕಿ ಒಂದು ಬೀಜ ತೆಗೆದೆ. ಎರಡರಷ್ಟು ಉಬ್ಬಿದ್ದ ಅದು ಬೆರಳಿನ ನಡುವೆ ಹಿಚುಕಿದೊಡನೆ ಸಿಪ್ಪೆಯಿಂದ ಜಾರಿ ಹೊರಬಂತು. ಒಳಗಿನ ಎರಡು ಹೋಳುಗಳು ಬೂದು ಬಣ್ಣಕ್ಕೆ ತಿರುಗಿ ಗಂಜಿಯಂತಾಗಿದ್ದವು, ಹುಳಿವಾಸನೆ ಮೂಗಿಗೆ ಹೊಡೆಯಿತು. ಇನ್ನೊಂದರಲ್ಲಿ ಅಕ್ಕಿಯ ನುಚ್ಚಿನಷ್ಟು ಗಾತ್ರದ ಬಿಳಿ ಹುಳು ತಲೆ ತೂರಿಸಿ ಕೂತಿತ್ತು. ತಣ್ಣನೆಯ ಒದ್ದೆ ಮಣ್ಣಿನಲ್ಲಿ ಕೊಳೆಯುವ ಬೀಜವನ್ನು ಹುಡುಕಿಕೊಂಡು ಬರುವ ನೊಣದ ಮರಿ ಅದು. 24ರಲ್ಲಿ ಮೊಳೆತದ್ದು ಎರಡು, ಅವೂ ನೆಲದಿಂದ ಮೇಲೆ ಬರುವಾಗಲೇ ಕುಡಿ ಮುರಿದುಕೊಂಡಿದ್ದವು.

ಆಮೇಲೆ ಕಾರಣ ಹುಡುಕಿದೆ, ಹುಡುಕಬೇಕಾಗಿದ್ದದ್ದು ಮೊದಲು. ಅಡುಗೆಮನೆಯ ಉಷ್ಣಮಾಪಕವನ್ನು ಬೆಳಗ್ಗೆ ಆರು ಗಂಟೆಗೆ ಮಣ್ಣಿನಲ್ಲಿ ಎರಡು ಅಂಗುಲ ಚುಚ್ಚಿ ನೋಡಿದರೆ 8 ಡಿಗ್ರಿ ಸೆಲ್ಸಿಯಸ್ ತೋರಿಸಿತು. ಬೀನ್ಸ್ ಬೀಜಕ್ಕೆ ಕನಿಷ್ಠ 15 ಡಿಗ್ರಿಯಾದರೂ ಬೇಕು. 20ರಿಂದ 27ರ ನಡುವೆ ಇದ್ದರೆ ಒಂದು ವಾರದಲ್ಲಿ ಸಸಿ ಕಾಣುತ್ತದೆ. ಒಣಗಿದ ಬೀಜ ಮೊದಲ ಸಲ ನೀರು ಹೀರುವ ಹೊತ್ತು ಬಹಳ ನಾಜೂಕಿನದು. ಆಗ ಸಿಗುವ ನೀರು ತಣ್ಣಗಿದ್ದರೆ ಜೀವಕೋಶಗಳ ಪೊರೆ ಹಾನಿಗೊಂಡು ಒಳಗಿನ ಸಕ್ಕರೆ ಸೋರಿಹೋಗುತ್ತದೆ, ಅದನ್ನು ತಿನ್ನಲು ಮಣ್ಣಿನ ಶಿಲೀಂಧ್ರಗಳು ಮುತ್ತಿಕೊಳ್ಳುತ್ತವೆ. ಕುಂಡದ ಮಣ್ಣು ನೆಲಕ್ಕಿಂತ ಬೇಗ ಕಾಯುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಸುತ್ತಲೂ ಗಾಳಿಗೆ ತೆರೆದುಕೊಂಡಿರುವ ಅದೇ ಕುಂಡ ರಾತ್ರಿ ಅಷ್ಟೇ ಬೇಗ ತಣ್ಣಗಾಗುತ್ತದೆ ಎಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ. ಇದರ ಮೇಲೆ ನಾನು ತುಂಬಿದ್ದು ಹಿತ್ತಲಿನ ಜಿಗುಟು ಮಣ್ಣು. ಕುಂಡದೊಳಗೆ ಅದು ಇಟ್ಟಿಗೆಯಂತೆ ಗಟ್ಟಿಯಾಗಿ, ನೀರು ಬಸಿಯದೆ ನಿಂತಿತ್ತು.

ಇಷ್ಟಕ್ಕೆ ನಿಲ್ಲಿಸಿ, ಮಣ್ಣು ಬದಲಿಸಿ, ಅದೇ ಗಿಡ ಬೀನ್ಸನ್ನು ಮತ್ತೆ ಬಿತ್ತಿದ್ದರೆ ಎಂಬತ್ತನೆಯ ದಿನದ ಆಸುಪಾಸಿನಲ್ಲಿ ಕಾಯಿ ಕೊಯ್ಯುತ್ತಿದ್ದೆ. ಮಣ್ಣನ್ನೇನೋ ಬದಲಿಸಿದೆ. ಬೀಜ ಮಾತ್ರ ಮುಗಿದಿತ್ತು. ಆಗ ನೆನಪಾದದ್ದು ವರ್ಷವಿಡೀ ಬೆಚ್ಚಗಿರುವ ಪ್ರದೇಶದ ಪರಿಚಿತರೊಬ್ಬರು ಪ್ರೀತಿಯಿಂದ ಕೊಟ್ಟಿದ್ದ ಬಳ್ಳಿ ಬೀನ್ಸಿನ ಬೀಜ. 65 ದಿನಕ್ಕೆ ಕಾಯಿ ಬರುತ್ತದೆ ಎಂದಿದ್ದರು. ಇಪ್ಪತ್ತೆರಡನೆಯ ದಿನ ಬಿತ್ತಿದರೆ ಎಂಬತ್ತೇಳಕ್ಕೆ ಕೊಯ್ಲು, ಹಿಮಕ್ಕೆ ಇನ್ನೂ ಹದಿಮೂರು ದಿನ ಉಳಿಯುತ್ತದೆ ಎಂದು ಲೆಕ್ಕ ಹಾಕಿದೆ. ಅವರು ಸುಳ್ಳು ಹೇಳಿರಲಿಲ್ಲ. ಅವರ ಅಂಗಳದಲ್ಲಿ ಅದು 65 ದಿನವೇ.

ಎಂಟು ದಿನದಲ್ಲಿ ಸಸಿಗಳು ಎದ್ದವು, ನೋಡನೋಡುತ್ತಿದ್ದಂತೆ ಬಾಲ್ಕನಿಯ ಕಂಬಿ ಹಿಡಿದು ಆಳೆತ್ತರಕ್ಕೆ ಏರಿದವು. ಕಂಡವರೆಲ್ಲ ಹೊಗಳಿದರು, ನಾನೂ ಬೀಗಿದೆ. ಐವತ್ತನೆಯ ದಿನ, ಅರವತ್ತನೆಯ ದಿನ, ಎಪ್ಪತ್ತನೆಯ ದಿನ: ಎಲೆ, ಎಲೆ, ಬರೀ ಎಲೆ. ನಡುವೆ ಕೆಳಗಿನ ಎಲೆಗಳು ಒಂದಿಷ್ಟು ಹಳದಿಯಾದದ್ದನ್ನು ಕಂಡು ಸಾರಜನಕ ಹೆಚ್ಚಿರುವ ದ್ರವಗೊಬ್ಬರವನ್ನು ಎರಡು ಬಾರಿ ಕೊಟ್ಟೆ. ಬಳ್ಳಿ ಕಡುಹಸಿರಾಗಿ ಇನ್ನಷ್ಟು ಹಬ್ಬಿತು, ಮೊಗ್ಗು ಮಾತ್ರ ಇಲ್ಲ. ದ್ವಿದಳ ಧಾನ್ಯದ ಸಸ್ಯ ತನ್ನ ಗೊಬ್ಬರವನ್ನು ತಾನೇ ಮಾಡಿಕೊಳ್ಳುತ್ತದೆ ಎಂಬ ಮಾತೂ ಕುಂಡದ ಮಟ್ಟಿಗೆ ಅರ್ಧಸತ್ಯವೇ. ಹೊಸ ಮಣ್ಣಿನ ಮಿಶ್ರಣದಲ್ಲಿ ಬೇರುಗಂಟು ಕಟ್ಟಿ ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುವ ಬ್ಯಾಕ್ಟೀರಿಯಾ ಸಾಮಾನ್ಯವಾಗಿ ಇರುವುದಿಲ್ಲ, ಕೊನೆಗೆ ಕಿತ್ತು ನೋಡಿದಾಗ ನನ್ನ ಬೇರುಗಳಲ್ಲಿ ಒಂದು ಗಂಟೂ ಇರಲಿಲ್ಲ. ಹಾಗೆಂದು ಸಾರಜನಕ ಸುರಿದರೆ ಹೂವಿಗೆ ಬದಲು ಎಲೆ ಸಿಗುತ್ತದೆ. ಬಿತ್ತುವಾಗಲೇ ಕಳಿತ ಕಾಂಪೋಸ್ಟ್ ಬೆರೆಸಿಟ್ಟರೆ ಗಿಡ ಬೀನ್ಸಿಗೆ ಬಹುಮಟ್ಟಿಗೆ ಸಾಕು.

ಆದರೆ ಗೊಬ್ಬರಕ್ಕಿಂತ ದೊಡ್ಡ ಕಾರಣ ಹಗಲು ಎಂದು ನನ್ನ ಅಭಿಪ್ರಾಯ. ಈಗ ಮಾರಾಟವಾಗುವ ಬೀನ್ಸ್ ತಳಿಗಳಲ್ಲಿ ಹೆಚ್ಚಿನವಕ್ಕೆ ಹಗಲಿನ ಉದ್ದದ ಹಂಗಿಲ್ಲ. ಸಮಭಾಜಕಕ್ಕೆ ಹತ್ತಿರದ ಪ್ರದೇಶಗಳಲ್ಲಿ ಬಹುಕಾಲದಿಂದ ಉಳಿದುಬಂದ ಬಳ್ಳಿ ತಳಿಗಳಲ್ಲಿ ಹಲವು ಮಾತ್ರ ಹಗಲು ಮೊಟಕಾಗುವವರೆಗೆ ಹೂ ಬಿಡುವುದಿಲ್ಲ. ಧ್ರುವಗಳ ಕಡೆಗಿನ ಬೇಸಿಗೆಯಲ್ಲಿ ಹದಿನೈದು ಹದಿನಾರು ಗಂಟೆ ಬೆಳಕಿರುವಾಗ ಅವು ಬರೀ ಬೆಳೆಯುತ್ತಲೇ ಇರುತ್ತವೆ, ಹೂ ಬಿಡುವ ಹೊತ್ತಿಗೆ ಚಳಿ ಬಾಗಿಲಿಗೆ ಬಂದಿರುತ್ತದೆ. (ಎತ್ತರದಿಂದಾಗಿ ಬೇಸಿಗೆ ಚಿಕ್ಕದಾದ, ಆದರೆ ಸಮಭಾಜಕಕ್ಕೆ ಹತ್ತಿರವೇ ಇರುವ ಬೆಟ್ಟಸೀಮೆಯವರಿಗೆ ಈ ಕಾಟವಿಲ್ಲ.)

ಎಂಬತ್ತನೆಯ ದಿನ ಮೊದಲ ಹೂ ಅರಳಿತು. ರಾತ್ರಿಗಳು ಆಗಲೇ 10 ಡಿಗ್ರಿಗಿಂತ ಕೆಳಗಿಳಿಯುತ್ತಿದ್ದುದರಿಂದ ಹೂಗಳು ಕಾಯಿ ಕಟ್ಟದೆ ತೊಟ್ಟಿನ ಸಮೇತ ಉದುರತೊಡಗಿದವು. ಕಟ್ಟಿದ ಕಾಯಿಗಳೂ ಬೇಸಿಗೆಯಲ್ಲಿ ಎರಡು ವಾರದೊಳಗೆ ಬಲಿಯುವಂತೆ ಬಲಿಯದೆ ತೆವಳುತ್ತಿದ್ದವು. ತೊಂಬತ್ತೈದರ ಸಂಜೆ ಹಿಮದ ಮುನ್ಸೂಚನೆ ಬಂದಾಗ ಕುಂಡಗಳನ್ನು ಒಳಗಿಡೋಣವೆಂದು ಹೋದೆ. ಕುಂಡದಲ್ಲಿ ಬೆಳೆಯುವುದರ ಅತಿ ದೊಡ್ಡ ಅನುಕೂಲವೇ ಅದಲ್ಲವೇ? ಆದರೆ ಎರಡು ತಿಂಗಳಿಂದ ಕಂಬಿಗೆ ಸುತ್ತಿಕೊಂಡಿದ್ದ ಹಂಬನ್ನು ಬಿಡಿಸಲು ಹೋದರೆ ಕಾಂಡ ಲಟಕ್ಕನೆ ಮುರಿಯುತ್ತಿತ್ತು. ಹಳೆಯ ಬೆಡ್‌ಶೀಟ್ ಹೊದಿಸಿದೆ. ಆಳೆತ್ತರದ ಬಳ್ಳಿಗೆ ಅದು ಎಲ್ಲಿ ಸಾಲಬೇಕು. ಬೆಳಗ್ಗೆ ಎಲೆಗಳು ಗಾಜಿನಂತೆ ಅರೆಪಾರದರ್ಶಕವಾಗಿದ್ದವು, ಬಿಸಿಲೇರಿದ ಮೇಲೆ ಕಪ್ಪಾಗಿ ಒದ್ದೆ ಬಟ್ಟೆಯಂತೆ ಜೋತುಬಿದ್ದವು. ಹೊದಿಕೆಯ ಅಡಿಯಲ್ಲಿ ಉಳಿದು ಕೈಗೆ ಸಿಕ್ಕ ಕಾಯಿಗಳು ಹನ್ನೊಂದು.

ಮರುವರ್ಷ ಉಷ್ಣಮಾಪಕ ನಾಲ್ಕು ದಿನ ಸತತವಾಗಿ ಬೆಳಗಿನ ಹೊತ್ತು 15 ತೋರಿಸುವವರೆಗೂ ಬೀಜ ಮುಟ್ಟಲಿಲ್ಲ, ನೆನೆಹಾಕಲೂ ಇಲ್ಲ. ಅವಸರವಿರುವವರು ಎರಡು ಮೂರು ವಾರ ಮುಂಚೆ ಮನೆಯೊಳಗೆ ಕಾಗದದ ಲೋಟಗಳಲ್ಲಿ ಸಸಿ ಮಾಡಿಕೊಳ್ಳಬಹುದು, ಆದರೆ ಬೇರು ಅಲುಗಿದರೆ ಬೀನ್ಸ್ ಮುನಿಸಿಕೊಳ್ಳುತ್ತದೆ. ಮಣ್ಣಿನ ಹೆಂಟೆ ಒಡೆಯದಂತೆ ಇಳಿಸಬೇಕು, ಅದಕ್ಕೂ ಮೊದಲು ಒಂದು ವಾರ ದಿನಕ್ಕಿಷ್ಟು ಹೊತ್ತು ಹೊರಗಿಟ್ಟು ಗಾಳಿ ಬಿಸಿಲಿಗೆ ಒಗ್ಗಿಸಬೇಕು. ಕುಂಡ 25 ಸೆಂಟಿಮೀಟರ್ ಆಳವಿರಲಿ, ತಳದಲ್ಲಿ ತೂತುಗಳಿರಲಿ. ಪೊಟ್ಟಣದ ಮೇಲಿನ ದಿನಗಳಿಗೆ ಎರಡು ವಾರ ಕೂಡಿಸಿಯೇ ಲೆಕ್ಕ ಹಾಕಿ. 55 ಎಂದಿರುವುದನ್ನು 70 ಎಂದೇ ಓದಿ. ಒಣಕಾಳಿಗಾಗಿ ಬೆಳೆಯುವ ತಳಿಗಳು 90 ದಿನಕ್ಕೂ ಹೆಚ್ಚು ಕೇಳುತ್ತವೆ, ಅವನ್ನು ಇಲ್ಲಿ ಬಿಟ್ಟುಬಿಡುವುದೇ ಲೇಸು. ಬಳ್ಳಿಯೇ ಬೇಕೆಂದಿದ್ದರೆ ಅದಕ್ಕೆ ಕುಂಡದಲ್ಲೇ ನಾಟಿದ ಕೋಲುಗಳನ್ನು ಕೊಡಿ, ಕಂಬಿಗಾಗಲಿ ಗೋಡೆಗಾಗಲಿ ಹಬ್ಬಿಸಬೇಡಿ. ಆ ವರ್ಷ ಮೊದಲ ಹಿಮದ ಮೂರು ರಾತ್ರಿ ಮೂರೂ ಕುಂಡಗಳನ್ನು ಸಂಜೆ ಒಳಗೆ ಹೊತ್ತು ತಂದು ಬೆಳಗ್ಗೆ ಹೊರಗಿಟ್ಟೆ, ಮತ್ತೆ ಹತ್ತು ದಿನ ಕಾಯಿ ಕೊಯ್ದೆ.